ಕೀಲಿನಲ್ಲಿ ಕ್ಯಾಲ್ಸಿಯಂ ಹರಳು: ರಾಗಿ, ಹಾಲು ಬಿಡುವ ಮೊದಲು ಇದನ್ನು ಓದಿ

ವಯಸ್ಸಾದವರಿಗೆ ಸೊಂಟದ ಮೂಳೆ ಮುರಿದು ಆಪರೇಷನ್ ಆಗಿರುತ್ತದೆ. ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ, ಎರಡು ಮೂರು ದಿನಕ್ಕೆ ಮಂಡಿ ಊದಿಕೊಳ್ಳುತ್ತದೆ. ಕೆಂಪಗಾಗುತ್ತದೆ, ಮುಟ್ಟಿದರೆ ಬಿಸಿ. ಜೊತೆಗೆ ಸಣ್ಣ ಜ್ವರ. ಮುರಿದಿದ್ದು ಸೊಂಟ, ಊದಿದ್ದು ಮಂಡಿ, ಇದೇನು ಹೊಸ ಕಾಟ ಅಂತ ಮನೆಯವರಿಗೆ ಗಾಬರಿ. ಮೂಳೆ ವಾರ್ಡುಗಳಲ್ಲಿ ಕೆಲಸ ಮಾಡುವ ವೈದ್ಯರಿಗೆ ಇದು ಹೊಸದಲ್ಲ. ಮಂಡಿಯೊಳಗೆ ವರ್ಷಗಳಿಂದ ಸುಮ್ಮನೆ ಕೂತಿದ್ದ ಕ್ಯಾಲ್ಸಿಯಂ ಹರಳುಗಳು ಆಪರೇಷನ್ನಿನ ಹೊತ್ತಿಗೆ ಕೆರಳಿರುತ್ತವೆ.

ಇನ್ನು ಕೆಲವರಿಗೆ ಈ ಸಂಗತಿ ಗೊತ್ತಾಗುವುದು ಎಕ್ಸ್-ರೇ ರಿಪೋರ್ಟಿನಿಂದ. ಮಂಡಿ ನೋವು ಅಂತ ಎಕ್ಸ್-ರೇ ತೆಗೆಸಿದರೆ, ರಿಪೋರ್ಟಿನಲ್ಲಿ 'ಕಾಂಡ್ರೊಕ್ಯಾಲ್ಸಿನೋಸಿಸ್' ಎಂಬ ಪದ ಇರುತ್ತದೆ. ಕ್ಯಾಲ್ಸಿಯಂ ಜಾಸ್ತಿಯಾಗಿ ಮಂಡಿಯಲ್ಲಿ ಸೇರಿಕೊಂಡಿದೆ ಅಂತ ಯಾರೋ ಅರ್ಥ ಹೇಳುತ್ತಾರೆ. ಅವತ್ತಿನಿಂದ ಮನೆಯಲ್ಲಿ ಹಾಲು, ಮೊಸರು, ರಾಗಿ ಮುದ್ದೆ ಬಂದ್. ಮೂಳೆ ಸವೆತಕ್ಕೆ ವೈದ್ಯರು ಬರೆದುಕೊಟ್ಟ ಕ್ಯಾಲ್ಸಿಯಂ ಮಾತ್ರೆಯೂ ಬಂದ್. ಇದರಿಂದ ಕೀಲಿಗೆ ಲಾಭವಿಲ್ಲ. ಮೂಳೆಗೆ ಮಾತ್ರ ನಷ್ಟ. ಯಾಕೆ ಅನ್ನುವುದನ್ನು ಬುಡದಿಂದ ನೋಡೋಣ.

ಮೊದಲು ಕೀಲು, ಆಮೇಲೆ ಕ್ಯಾಲ್ಸಿಯಂ

ಎರಡು ಮೂಳೆ ಸೇರುವ ಜಾಗವೇ ಕೀಲು. ಮೂಳೆಯ ತುದಿಗೆ ನುಣುಪಾದ ಒಂದು ಹೊದಿಕೆ ಇರುತ್ತದೆ. ಅದೇ ಕಾರ್ಟಿಲೇಜ್, ಶಾಲೆಯಲ್ಲಿ ಓದಿದ ಮೃದ್ವಸ್ಥಿ. ಮಂಡಿಯಲ್ಲಿ ಇದರ ಜೊತೆಗೆ ಎರಡು ಮೂಳೆಗಳ ನಡುವೆ ಅರ್ಧಚಂದ್ರದ ಆಕಾರದ ಎರಡು ದಪ್ಪ ಪಟ್ಟಿಗಳಿವೆ. ಅವಕ್ಕೆ ಮಿನಿಸ್ಕಸ್ ಎನ್ನುತ್ತಾರೆ. ಇಡೀ ಕೀಲನ್ನು ಒಂದು ಚೀಲ ಸುತ್ತುವರಿದಿರುತ್ತದೆ. ಚೀಲದ ಒಳಪದರ ಸ್ವಲ್ಪವೇ ಸ್ವಲ್ಪ ಅಂಟು ನೀರನ್ನು ಸುರಿಸುತ್ತದೆ. ಕೀಲು ಸಲೀಸಾಗಿ ಆಡುವುದು ಆ ನೀರಿನಿಂದ.

ವಯಸ್ಕರ ಮೈಯಲ್ಲಿ ಸುಮಾರು 1 ಕಿಲೋ ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ಶೇಕಡ 99ರಷ್ಟು ಮೂಳೆ, ಹಲ್ಲುಗಳಲ್ಲೇ ಇದೆ. ರಕ್ತದಲ್ಲಿರುವುದು ತೀರ ಕಡಿಮೆ, 100 ಮಿಲಿಲೀಟರಿಗೆ 8.5ರಿಂದ 10.5 ಮಿಲಿಗ್ರಾಂ. ಈ ಮಟ್ಟ ಆಚೀಚೆ ಆಗದಂತೆ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಎಂಬ ಪುಟ್ಟ ಗ್ರಂಥಿಗಳು ಕಾಯುತ್ತವೆ. ಇವು ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಿರುತ್ತವೆ, ಆದರೆ ಕೆಲಸ ಬೇರೆ. ನೀವು ಒಂದು ದಿನ ಜಾಸ್ತಿ ಹಾಲು ಕುಡಿದರೆ ರಕ್ತದ ಕ್ಯಾಲ್ಸಿಯಂ ಏರಿಬಿಡುವುದಿಲ್ಲ. ಕುಡಿಯದಿದ್ದರೆ ಇಳಿಯುವುದೂ ಇಲ್ಲ. ಕಡಿಮೆ ಬಿದ್ದಷ್ಟನ್ನು ಮೈ ಮೂಳೆಯಿಂದ ಎತ್ತಿಕೊಳ್ಳುತ್ತದೆ. ರಾಗಿ ಬಿಟ್ಟವರಿಗೆ ಆಗುವುದು ಇದೇ.

ಕೀಲುಗಳಲ್ಲಿ ಕೂರುವ ಕ್ಯಾಲ್ಸಿಯಂ ಹರಳುಗಳಲ್ಲಿ ಮುಖ್ಯವಾದವು ಎರಡು ಬಗೆ. ಒಂದು ಕ್ಯಾಲ್ಸಿಯಂ ಪೈರೊಫಾಸ್ಫೇಟ್. ಇನ್ನೊಂದು ಮೂಳೆಯಲ್ಲಿರುವ ಖನಿಜದ ಜಾತಿಗೇ ಸೇರಿದ ಕ್ಯಾಲ್ಸಿಯಂ ಫಾಸ್ಫೇಟ್. ಮೊದಲನೆಯದು ಕಾರ್ಟಿಲೇಜಿನೊಳಗೆ ಕಟ್ಟುತ್ತದೆ. ಎರಡನೆಯದು ಹೆಚ್ಚಾಗಿ ಭುಜದ ಸುತ್ತಲಿನ ಸ್ನಾಯುರಜ್ಜುಗಳಲ್ಲಿ, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳಲ್ಲಿ ಕೂರುತ್ತದೆ. ಆಕ್ಸಲೇಟ್ ಎಂಬ ಮೂರನೆಯದೂ ಇದೆ. ಅದು ಅಪರೂಪ, ಮುಖ್ಯವಾಗಿ ಕಿಡ್ನಿ ಕೆಟ್ಟು ಬಹಳ ವರ್ಷ ಡಯಾಲಿಸಿಸ್‌ನಲ್ಲಿ ಇರುವವರಲ್ಲಿ ಕಾಣಿಸುತ್ತದೆ.

ಹರಳು ಹೇಗೆ ಕಟ್ಟುತ್ತದೆ?

ಮೈಯ ಪ್ರತಿ ಜೀವಕೋಶಕ್ಕೂ ಶಕ್ತಿ ಕೊಡುವ ವಸ್ತುವಿಗೆ ಎಟಿಪಿ ಎಂದು ಹೆಸರು. ಕಾರ್ಟಿಲೇಜಿನ ಜೀವಕೋಶಗಳು ಸ್ವಲ್ಪ ಎಟಿಪಿಯನ್ನು ಹೊರಕ್ಕೂ ಬಿಡುತ್ತವೆ. ಹೊರಗೆ ಒಂದು ಕಿಣ್ವ ಅದನ್ನು ಕತ್ತರಿಸುತ್ತದೆ. ಆ ಕತ್ತರಿಸಿದ ತುಂಡೇ ಪೈರೊಫಾಸ್ಫೇಟ್.

ಇದು ಕೆಟ್ಟ ವಸ್ತುವೇನಲ್ಲ. ಮೂಳೆ ಇರಬಾರದ ಜಾಗದಲ್ಲಿ ಮೂಳೆಯ ಖನಿಜ ಬೆಳೆಯದಂತೆ ತಡೆಯುವುದೇ ಇದರ ಕೆಲಸ. ಕಾರ್ಟಿಲೇಜ್ ಮೆತ್ತಗೆ ಉಳಿಯಲು ಪೈರೊಫಾಸ್ಫೇಟ್ ಬೇಕೇ ಬೇಕು. ಕೆಲಸ ಮುಗಿದ ಮೇಲೆ ಆಲ್ಕಲೈನ್ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವ ಬಂದು ಅದನ್ನು ಒಡೆದುಹಾಕುತ್ತದೆ. ಲಿವರ್ ಟೆಸ್ಟಿನ ರಿಪೋರ್ಟಿನಲ್ಲಿ ಈ ಹೆಸರನ್ನು ನೀವು ನೋಡಿರಬಹುದು. ಹುಟ್ಟುವುದು, ಒಡೆಯುವುದು ಎರಡೂ ಸಮನಾಗಿರುವ ತನಕ ತೊಂದರೆ ಇಲ್ಲ. ಹುಟ್ಟುವುದು ಜಾಸ್ತಿಯಾದರೆ, ಅಥವಾ ಒಡೆಯುವುದು ಕಡಿಮೆಯಾದರೆ, ಪೈರೊಫಾಸ್ಫೇಟ್ ಉಳಿದುಬಿಡುತ್ತದೆ. ಉಳಿದದ್ದು ಅಲ್ಲೇ ಇರುವ ಕ್ಯಾಲ್ಸಿಯಂ ಜೊತೆ ಸೇರುತ್ತದೆ.

ಮುಂದಿನದ್ದು ಅಡುಗೆ ಮನೆಯಲ್ಲಿ ಪಾಕ ಮಾಡಿದವರಿಗೆ ತಟ್ಟನೆ ಅರ್ಥವಾಗುತ್ತದೆ. ಜಾಮೂನಿಗೆ ಮಾಡಿದ ಪಾಕದಲ್ಲಿ ಸಕ್ಕರೆ ಜಾಸ್ತಿಯಿದ್ದರೂ ಸ್ವಲ್ಪ ಹೊತ್ತು ತಿಳಿಯಾಗಿಯೇ ಇರುತ್ತದೆ. ಪಾತ್ರೆಯ ಅಂಚಿನಿಂದ ಒಂದು ಸಕ್ಕರೆ ಕಾಳು ಜಾರಿ ಒಳಗೆ ಬಿತ್ತು ಅನ್ನಿ, ಅದರ ಸುತ್ತ ಹರಳುಗಟ್ಟಲು ಶುರುವಾಗುತ್ತದೆ. ಅದಕ್ಕೇ ಪಾಕಕ್ಕೆ ನಾಲ್ಕು ಹನಿ ನಿಂಬೆರಸ ಹಿಂಡುವುದು. ಕಾರ್ಟಿಲೇಜಿನಲ್ಲೂ ಹೀಗೆಯೇ. ಪೈರೊಫಾಸ್ಫೇಟ್ ಮತ್ತು ಕ್ಯಾಲ್ಸಿಯಂ ದಟ್ಟವಾದಾಗ, ಸವೆದ ಕಾರ್ಟಿಲೇಜಿನ ಹಾಳಾದ ಎಳೆಗಳು ಆ ಸಕ್ಕರೆ ಕಾಳಿನ ಕೆಲಸ ಮಾಡುತ್ತವೆ. ನಿಂಬೆರಸದ ಜಾಗದಲ್ಲಿ ಇಲ್ಲಿರುವುದು ಮೆಗ್ನೀಸಿಯಂ. ಅದು ಹರಳು ಕರಗಿರಲು ನೆರವಾಗುತ್ತದೆ. ಪೈರೊಫಾಸ್ಫೇಟನ್ನು ಒಡೆಯುವ ಕಿಣ್ವಕ್ಕೂ ಮೆಗ್ನೀಸಿಯಂ ಬೇಕು. ಮೈಯಲ್ಲಿ ಮೆಗ್ನೀಸಿಯಂ ಬಹಳ ಕಡಿಮೆಯಿರುವವರಲ್ಲಿ ಈ ಹರಳು ಚಿಕ್ಕ ವಯಸ್ಸಿಗೇ ಕಾಣಿಸುವುದು ಅದಕ್ಕೇ.

ಇಲ್ಲಿ ಗಮನಿಸಬೇಕಾದ ಮಾತು ಒಂದೇ. ಎಡವಟ್ಟು ಆಗಿರುವುದು ಪೈರೊಫಾಸ್ಫೇಟಿನ ಲೆಕ್ಕದಲ್ಲಿ, ಅದೂ ಕಾರ್ಟಿಲೇಜಿನೊಳಗೆ. ನೀವು ತಿನ್ನುವ ಕ್ಯಾಲ್ಸಿಯಂ ಲೆಕ್ಕದಲ್ಲಲ್ಲ.

ಯಾರಿಗೆ ಬರುತ್ತದೆ?

ಎಲ್ಲಕ್ಕಿಂತ ದೊಡ್ಡ ಕಾರಣ ವಯಸ್ಸು. 60ಕ್ಕಿಂತ ಮೊದಲು ಇದು ಅಪರೂಪ. ಅಲ್ಲಿಂದ ಮುಂದೆ ಏರುತ್ತಾ ಹೋಗುತ್ತದೆ. 80 ದಾಟಿದವರ ಮಂಡಿ, ಮಣಿಕಟ್ಟುಗಳ ಎಕ್ಸ್-ರೇ ತೆಗೆದರೆ ಬಹಳ ಜನರಲ್ಲಿ ಹರಳಿನ ಬಿಳಿ ಗೆರೆ ಕಾಣುತ್ತದೆ. ಯೂರಿಕ್ ಆಸಿಡ್ ಹರಳಿನಿಂದ ಕೀಲು ಊದುವ ಗೌಟ್ ಕಾಯಿಲೆ ಹೆಚ್ಚಾಗಿ ಗಂಡಸರನ್ನು ಹಿಡಿಯುತ್ತದೆ, ಇದು ಹೆಣ್ಣು ಗಂಡು ಭೇದ ನೋಡುವುದಿಲ್ಲ. ಹಿಂದೆ ಯಾವಾಗಲೋ ಪೆಟ್ಟು ಬಿದ್ದ ಕೀಲು, ಮಿನಿಸ್ಕಸ್ ಆಪರೇಷನ್ ಆದ ಮಂಡಿ, ಸವೆದ ಕೀಲು ಇವುಗಳಲ್ಲಿ ಹರಳು ಬೇಗ ಕಟ್ಟುತ್ತದೆ.

60ಕ್ಕಿಂತ ಚಿಕ್ಕವರಲ್ಲಿ ಕಂಡರೆ ಮಾತ್ರ ವೈದ್ಯರು ಅಲ್ಲಿಗೇ ಬಿಡಬಾರದು. ಹಿಂದೆ ಬೇರೆ ಕಾಯಿಲೆ ಅಡಗಿರಬಹುದು. ಪ್ಯಾರಾಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರಬಹುದು. ಆಗ ರಕ್ತದ ಕ್ಯಾಲ್ಸಿಯಂ ನಿಜವಾಗಿಯೂ ಏರಿರುತ್ತದೆ, ಆದರೆ ಅದು ಗ್ರಂಥಿಯ ದೋಷ, ಊಟದ್ದಲ್ಲ. ಮೆಗ್ನೀಸಿಯಂ ಇಳಿದಿರಬಹುದು. ಮೈಯಲ್ಲಿ ಕಬ್ಬಿಣದ ಅಂಶ ಮಿತಿಮೀರಿ ಸೇರುವ ಹೀಮೊಕ್ರೊಮಾಟೋಸಿಸ್ ಇರಬಹುದು. ಇದರ ವಂಶವಾಹಿ ರೂಪ ಯುರೋಪ್ ಮೂಲದವರಲ್ಲಿ ಜಾಸ್ತಿ. ತೋರುಬೆರಳು, ನಡುಬೆರಳುಗಳ ಬುಡದ ಗೆಣ್ಣು ನೋಯುವುದು ಅದರ ಗುರುತು. ಆಲ್ಕಲೈನ್ ಫಾಸ್ಫಟೇಸ್ ಹುಟ್ಟಿನಿಂದಲೇ ಕಡಿಮೆಯಿರುವ ಕಾಯಿಲೆಯೂ ಇದೆ. ಲಿವರ್ ರಿಪೋರ್ಟಿನಲ್ಲಿ ಈ ಕಿಣ್ವ ಏರಿದರೆ ಎಲ್ಲರೂ ಗಮನಿಸುತ್ತಾರೆ. ಇಳಿದಿದ್ದರೆ ಯಾರೂ ಕಣ್ಣು ಹಾಯಿಸುವುದಿಲ್ಲ. ಚಿಕ್ಕ ವಯಸ್ಸಿನವರ ಕೀಲಿನಲ್ಲಿ ಹರಳು ಕಂಡಾಗ ಆ ಇಳಿದ ಸಂಖ್ಯೆಯೇ ಉತ್ತರವಾಗಬಹುದು. ಹಾಗಾಗಿ ಇಂಥವರಿಗೆ ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್, ಮೆಗ್ನೀಸಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್, ಮೈಯಲ್ಲಿ ಸೇರಿದ ಕಬ್ಬಿಣದ ಲೆಕ್ಕ ಹೇಳುವ ಫೆರಿಟಿನ್ ಈ ರಕ್ತ ಪರೀಕ್ಷೆಗಳನ್ನು ಮಾಡಿಸುತ್ತಾರೆ.

ಕೆಲವು ಮನೆತನಗಳಲ್ಲಿ ಇದು ಸಾಲಾಗಿ ಬರುತ್ತದೆ. ಈ ಕಾಯಿಲೆ ಮೊದಲು ಸ್ಪಷ್ಟವಾಗಿ ಕಂಡಿದ್ದೂ ಹಾಗೆಯೇ. 1950ರ ದಶಕದ ಕೊನೆಯಲ್ಲಿ ಅಂದಿನ ಚೆಕೊಸ್ಲೊವಾಕಿಯಾದ ವೈದ್ಯರಾದ ಜಿಟ್ನಾನ್ ಮತ್ತು ಸಿತಾಯ್ ಕೆಲವು ಕುಟುಂಬಗಳಲ್ಲಿ ಒಬ್ಬರಾದ ಮೇಲೊಬ್ಬರಿಗೆ ಕಾರ್ಟಿಲೇಜಿನಲ್ಲಿ ಸುಣ್ಣ ಕಟ್ಟಿದ್ದನ್ನು ಎಕ್ಸ್-ರೇಯಲ್ಲಿ ಗುರುತಿಸಿದರು. ಪೈರೊಫಾಸ್ಫೇಟ್ ಮಟ್ಟವನ್ನು ನಿಯಂತ್ರಿಸುವ ಎಎನ್‌ಕೆಎಚ್ ಎಂಬ ಜೀನ್‌ನಲ್ಲಿ ಇಂಥ ಕೆಲವು ಕುಟುಂಬಗಳಿಗೆ ದೋಷ ಇರುವುದು ಆಮೇಲೆ ಪತ್ತೆಯಾಯಿತು.

ಒಂದು ಮಾತು ನಮ್ಮ ಮನೆಗಳಿಗೆ ಹೊಂದುವಂಥದ್ದು. ಗ್ಯಾಸ್ಟ್ರಿಕ್ ಅಂತ ಬೆಳಿಗ್ಗೆ ಎದ್ದ ಕೂಡಲೇ ನುಂಗುವ ಪ್ಯಾಂಟೊಪ್ರಜೋಲ್‌ನಂಥ ಮಾತ್ರೆಗಳನ್ನು ವರ್ಷಗಟ್ಟಲೆ ತೆಗೆದುಕೊಂಡರೆ ಕೆಲವರಲ್ಲಿ ಮೆಗ್ನೀಸಿಯಂ ಇಳಿಯುತ್ತದೆ. ಬಿಪಿಗೆ, ಕಾಲು ಊತಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಮಾತ್ರೆಗಳಿಂದಲೂ ಹೀಗಾಗಬಹುದು. ಓದಿದ ಕೂಡಲೇ ಬಿಟ್ಟುಬಿಡಬೇಡಿ. ಹೃದಯಕ್ಕೆ ಬೇಕಾದ ಮಾತ್ರೆ ಅದಾಗಿರಬಹುದು. ಕೀಲು ಮೇಲಿಂದ ಮೇಲೆ ಊದುತ್ತಿದ್ದರೆ, ಮೆಗ್ನೀಸಿಯಂ ನೋಡಬೇಕಾ ಅಂತ ವೈದ್ಯರನ್ನು ಕೇಳಿ.

ಇಷ್ಟು ದಿನ ಇಲ್ಲದ ನೋವು ಈಗ ಯಾಕೆ?

ಹರಳು ಇದ್ದವರಿಗೆಲ್ಲ ನೋವು ಇರುವುದಿಲ್ಲ. ಬಹಳ ಜನರಿಗೆ ಸಾಯುವ ತನಕ ಅದರ ಸುಳಿವೇ ಸಿಗುವುದಿಲ್ಲ. ಕಾರ್ಟಿಲೇಜಿನೊಳಗೆ ಹುದುಗಿರುವ ತನಕ ಹರಳನ್ನು ಮೈಯ ಕಾವಲು ಪಡೆ ಗಮನಿಸುವುದೇ ಇಲ್ಲ. ಅಲ್ಲಿ ರಕ್ತನಾಳವೂ ಇಲ್ಲ, ನೋವಿನ ನರವೂ ಇಲ್ಲ.

ಏನೋ ಕಾರಣಕ್ಕೆ ಹರಳು ಅಲ್ಲಿಂದ ಕಳಚಿ ಕೀಲಿನ ನೀರಿಗೆ ಬಿದ್ದರೆ ಕಥೆ ಬದಲಾಗುತ್ತದೆ. ಕಾವಲಿಗಿರುವ ಬಿಳಿ ರಕ್ತಕಣಗಳು ಅದನ್ನು ಹೊರಗಿನಿಂದ ಬಂದ ರೋಗಾಣು ಎಂಬಂತೆ ನುಂಗುತ್ತವೆ. ಹರಳು ಅರಗುವುದಿಲ್ಲ. ನುಂಗಿದ ಕಣದೊಳಗೆ ಇನ್‌ಫ್ಲಮಸೋಮ್ ಎಂಬ ಎಚ್ಚರಿಕೆಯ ವ್ಯವಸ್ಥೆ ಚಾಲೂ ಆಗುತ್ತದೆ. ಅದು ಇಂಟರ್‌ಲ್ಯೂಕಿನ್-1 ಎಂಬ ರಾಸಾಯನಿಕವನ್ನು ಹೊರಬಿಡುತ್ತದೆ. ಅದರ ಕರೆಗೆ ಇನ್ನಷ್ಟು ಬಿಳಿ ಕಣಗಳು ನುಗ್ಗುತ್ತವೆ. ಊತ, ಕೆಂಪು, ಬಿಸಿ, ನೋವು, ಜ್ವರ ಎಲ್ಲವೂ ಈ ನುಗ್ಗಾಟದಿಂದಲೇ. ಗೌಟಿನ ಯೂರಿಕ್ ಆಸಿಡ್ ಹರಳೂ, ಈ ಕ್ಯಾಲ್ಸಿಯಂ ಹರಳೂ ಇದೇ ದಾರಿ ಹಿಡಿಯುತ್ತವೆ ಎಂಬುದನ್ನು ಸ್ವಿಟ್ಜರ್‌ಲೆಂಡಿನ ವಿಜ್ಞಾನಿಗಳು 2006ರಲ್ಲಿ ತೋರಿಸಿದರು. ಅದರಿಂದ ಚಿಕಿತ್ಸೆಗೂ ಹೊಸ ದಾರಿ ಸಿಕ್ಕಿತು, ಮುಂದೆ ಹೇಳುತ್ತೇನೆ.

ಕಳಚುವುದಕ್ಕೆ ಕಾರಣಗಳು ಹಲವು. ಆಪರೇಷನ್, ಪೆಟ್ಟು, ನ್ಯುಮೋನಿಯಾದಂಥ ಜೋರು ಕಾಯಿಲೆ, ಹೃದಯಾಘಾತ. ರಕ್ತದ ಕ್ಯಾಲ್ಸಿಯಂ ತಟ್ಟನೆ ಇಳಿದಾಗಲೂ ದಾಳಿ ಆಗುತ್ತದೆ. ಕ್ಯಾಲ್ಸಿಯಂ ಇಳಿದಾಗ ಹರಳಿನ ಅಂಚು ಸ್ವಲ್ಪ ಕರಗಿ, ಸಡಿಲವಾಗಿ ಉದುರುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಪ್ಯಾರಾಥೈರಾಯ್ಡ್ ಗ್ರಂಥಿ ತೆಗೆಯುವ ಆಪರೇಷನ್ ಆದವರಲ್ಲಿ ಒಂದೆರಡು ದಿನಕ್ಕೆ ಮಂಡಿ ಊದುವುದು ಇದರಿಂದಲೇ. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ.

ಗೌಟ್ ಥರವೇ, ಆದರೆ ಗೌಟ್ ಅಲ್ಲ

ಹಿಂದೆಲ್ಲ ಇಂಥ ದಾಳಿಗೆ ಗೌಟ್ ಅಂತಲೇ ಚೀಟಿ ಬರೆಯುತ್ತಿದ್ದರು. 1961ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಡೇನಿಯಲ್ ಮೆಕಾರ್ಟಿ ಮತ್ತು ಜೋಸೆಫ್ ಹಾಲೆಂಡರ್ ಎಂಬ ವೈದ್ಯರು ಗೌಟ್ ರೋಗಿಗಳ ಕೀಲಿನ ನೀರನ್ನು ಧ್ರುವೀಕರಿಸಿದ ಬೆಳಕಿನ ಮೈಕ್ರೋಸ್ಕೋಪಿನಲ್ಲಿ ನೋಡಿದರು. ಯೂರಿಕ್ ಆಸಿಡ್ ಹರಳು ಸೂಜಿಯ ಆಕಾರದಲ್ಲಿ ಹೊಳೆಯುತ್ತಿತ್ತು. ಆದರೆ ಗೌಟಿನದೇ ಲಕ್ಷಣವಿದ್ದ ಕೆಲವು ರೋಗಿಗಳ ನೀರಿನಲ್ಲಿ ಬೇರೆಯೇ ಹರಳು ಇತ್ತು. ಗಿಡ್ಡ, ಮೊಂಡು, ಕೆಲವು ವಜ್ರಾಕೃತಿಯವು, ಹೊಳಪೂ ಕಡಿಮೆ. ಅದು ಕ್ಯಾಲ್ಸಿಯಂ ಪೈರೊಫಾಸ್ಫೇಟ್ ಎಂದು ಮೆಕಾರ್ಟಿ ಮತ್ತು ಜೊತೆಗಾರರು 1962ರಲ್ಲಿ ಪ್ರಕಟಿಸಿದರು. ಗೌಟನ್ನು ಹೋಲುವುದರಿಂದ 'ಸೂಡೋಗೌಟ್' ಎಂಬ ಹೆಸರಿಟ್ಟರು. ಈಗ ಇಡೀ ಕಾಯಿಲೆಯನ್ನು ಸಿಪಿಪಿಡಿ, ಅಂದರೆ ಕ್ಯಾಲ್ಸಿಯಂ ಪೈರೊಫಾಸ್ಫೇಟ್ ಕೂರುವ ಕಾಯಿಲೆ, ಎನ್ನುತ್ತಾರೆ. ಸೂಡೋಗೌಟ್ ಅನ್ನುವುದು ಅದರ ದಾಳಿಯ ಹಳೆಯ ಹೆಸರಾಗಿ ಉಳಿದಿದೆ.

ವ್ಯತ್ಯಾಸ ಯಾಕೆ ಮುಖ್ಯ? ಚಿಕಿತ್ಸೆ ಬೇರೆಯಾಗುತ್ತದೆ. ಗೌಟಿಗೆ ಅಲೋಪ್ಯೂರಿನಾಲ್, ಫೆಬುಕ್ಸೊಸ್ಟಾಟ್‌ನಂಥ ಮಾತ್ರೆಗಳಿವೆ. ಅವು ಯೂರಿಕ್ ಆಸಿಡ್ ಇಳಿಸಿ, ನಿಧಾನಕ್ಕೆ ಹರಳನ್ನೇ ಕರಗಿಸುತ್ತವೆ. ಸಿಪಿಪಿಡಿಗೆ ಅವು ಏನೂ ಮಾಡುವುದಿಲ್ಲ. ಗೌಟ್ ಸಾಮಾನ್ಯವಾಗಿ ಕಾಲಿನ ಹೆಬ್ಬೆರಳಿನ ಬುಡದಲ್ಲಿ ಶುರುವಾಗುತ್ತದೆ, ಸಿಪಿಪಿಡಿಗೆ ಮಂಡಿ ಮತ್ತು ಮಣಿಕಟ್ಟು ಇಷ್ಟದ ಜಾಗ. ದಾಳಿ ಕೆಲವು ದಿನಗಳಿಂದ ಕೆಲವು ವಾರ ಇರುತ್ತದೆ, ಆಮೇಲೆ ತಾನಾಗಿಯೇ ತಣಿಯುತ್ತದೆ.

ನಮ್ಮಲ್ಲಿ ಕೀಲು ಊದಿದ ಕೂಡಲೇ ಯೂರಿಕ್ ಆಸಿಡ್ ಟೆಸ್ಟ್ ಮಾಡಿಸುತ್ತಾರೆ. ಈ ಟೆಸ್ಟ್ ಎರಡೂ ಕಡೆ ದಾರಿ ತಪ್ಪಿಸಬಹುದು. ಯೂರಿಕ್ ಆಸಿಡ್ ಏರಿರುವ ಎಷ್ಟೋ ಜನರಿಗೆ ಗೌಟ್ ಇರುವುದಿಲ್ಲ. ಗೌಟ್ ಇರುವವರಲ್ಲಿ ದಾಳಿಯ ಹೊತ್ತಿಗೆ ಅದು ನಾರ್ಮಲ್ ಬರಬಹುದು. ಹಾಗಾಗಿ ರಕ್ತದ ರಿಪೋರ್ಟ್ ನೋಡಿ ಊದಿದ ಮಂಡಿಗೆ ಹೆಸರು ಕೊಡಲಾಗದು.

ಉತ್ತರ ಇರುವುದು ಕೀಲಿನ ನೀರಿನಲ್ಲಿ. ಮಂಡಿಗೆ ಸೂಜಿ ಹಾಕಿ ನೀರು ತೆಗೆಯುತ್ತಾರೆ ಅಂದರೆ ಜನ ಹೆದರುತ್ತಾರೆ. ಒಂದು ಸಲ ತೆಗೆದರೆ ಮತ್ತೆ ಮತ್ತೆ ತುಂಬುತ್ತದೆ ಎಂಬ ಭಯವೂ ಇದೆ. ನೀರು ತುಂಬುವುದು ಒಳಗಿನ ಉರಿಯೂತದಿಂದ, ಸೂಜಿಯಿಂದಲ್ಲ. ನಿಜ ಹೇಳಬೇಕೆಂದರೆ, ಊದಿ ಬಿಗಿದ ಮಂಡಿಯಿಂದ ನೀರು ತೆಗೆದ ಕೂಡಲೇ ಅರ್ಧ ನೋವು ಇಳಿದ ಹಾಗಾಗುತ್ತದೆ. ತೆಗೆದ ನೀರನ್ನು ಎರಡು ಕಾರಣಕ್ಕೆ ನೋಡಬೇಕು. ಹರಳು ಇದೆಯಾ ಅನ್ನುವುದು ಒಂದು. ಇನ್ನೊಂದು ಅದಕ್ಕಿಂತ ಮುಖ್ಯ: ಕೀವು ಮಾಡುವ ಬ್ಯಾಕ್ಟೀರಿಯಾ ಇದೆಯಾ? ಕೀಲಿಗೆ ಬ್ಯಾಕ್ಟೀರಿಯಾ ಸೋಂಕು ತಗುಲಿದರೂ ಹೀಗೆಯೇ ಊದುತ್ತದೆ, ಹೀಗೆಯೇ ಜ್ವರ ಬರುತ್ತದೆ. ಅದಕ್ಕೆ ಕೂಡಲೇ ಆ್ಯಂಟಿಬಯಾಟಿಕ್ ಕೊಡದಿದ್ದರೆ ಕೆಲವೇ ದಿನದಲ್ಲಿ ಕಾರ್ಟಿಲೇಜ್ ಹಾಳಾಗುತ್ತದೆ, ಜೀವಕ್ಕೂ ಅಪಾಯ. ಹರಳು ಮತ್ತು ಸೋಂಕು ಒಟ್ಟಿಗೇ ಇರುವುದೂ ಉಂಟು. ಹಾಗಾಗಿ ಹರಳು ಕಂಡಿತು ಅಂತ ಕಲ್ಚರ್ ಟೆಸ್ಟ್, ಅಂದರೆ ಆ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯಾ ಎಂದು ನೋಡುವ ಪರೀಕ್ಷೆ, ಬಿಡುವಂತಿಲ್ಲ.

ಎಕ್ಸ್-ರೇ ಏನು ಹೇಳುತ್ತದೆ? ಮಂಡಿಯ ಎಕ್ಸ್-ರೇಯಲ್ಲಿ ಎರಡು ಮೂಳೆಗಳ ನಡುವೆ ಕಪ್ಪು ಸಂದು ಕಾಣಬೇಕು. ಅಲ್ಲಿ ಕಾರ್ಟಿಲೇಜ್ ಇದೆ, ಅದು ಎಕ್ಸ್-ರೇಗೆ ಕಾಣುವುದಿಲ್ಲ. ಹರಳು ಕಟ್ಟಿದ್ದರೆ ಆ ಸಂದಿನಲ್ಲಿ ತೆಳ್ಳನೆಯ ಬಿಳಿ ಗೆರೆ ಮೂಡುತ್ತದೆ. ಅದಕ್ಕೇ ಕಾಂಡ್ರೊಕ್ಯಾಲ್ಸಿನೋಸಿಸ್ ಎನ್ನುವುದು. ಇದು ಹರಳು ಇದೆ ಎಂದು ಹೇಳುತ್ತದೆ, ನೋವು ಅದರಿಂದಲೇ ಎಂದು ಹೇಳುವುದಿಲ್ಲ. ಎಕ್ಸ್-ರೇಗೆ ಸಿಗದ ಹರಳು ಅಲ್ಟ್ರಾಸೌಂಡಿಗೆ ಸಿಗುವುದುಂಟು. ಗೌಟಿನ ಹರಳು ಕಾರ್ಟಿಲೇಜಿನ ಮೇಲ್ಮೈಯಲ್ಲಿ ಪದರವಾಗಿ ಕೂರುತ್ತದೆ, ಪೈರೊಫಾಸ್ಫೇಟ್ ಒಳಗೇ ಹುದುಗಿರುತ್ತದೆ. ಅನುಭವಿ ವೈದ್ಯರು ಅಲ್ಟ್ರಾಸೌಂಡಿನಲ್ಲಿ ಈ ವ್ಯತ್ಯಾಸವನ್ನು ಹಿಡಿಯುತ್ತಾರೆ.

ಬೇರೆ ಕಾಯಿಲೆಯ ವೇಷ

ಎಲ್ಲರಿಗೂ ಜೋರು ದಾಳಿಯೇ ಆಗಬೇಕೆಂದಿಲ್ಲ. ಕೆಲವರಿಗೆ ಎರಡೂ ಕೈಯ ಮಣಿಕಟ್ಟು, ಗೆಣ್ಣುಗಳು ತಿಂಗಳುಗಟ್ಟಲೆ ಊದಿ, ಬೆಳಿಗ್ಗೆ ಬಿಗಿಯುತ್ತವೆ. ಇದು ಥೇಟ್ ರುಮಟಾಯ್ಡ್ ಸಂಧಿವಾತದ ಹಾಗೆ. ಇನ್ನು ಕೆಲವರಿಗೆ ಸಾಮಾನ್ಯ ಸವೆತದ ಜೊತೆಗೇ ಹರಳು ಇರುತ್ತದೆ. ಆದರೆ ಸವೆತ ಅಪರೂಪವಾಗಿ ಕಾಣುವ ಮಣಿಕಟ್ಟು, ಭುಜದಂಥ ಕಡೆಯೂ ಸವೆದಿರುತ್ತದೆ. ಇದು ಸುಳಿವು. ಚಿಕುನ್‌ಗುನ್ಯಾ ಬಂದು ಹೋದ ಊರುಗಳಲ್ಲಿ ಕೀಲು ನೋವೆಲ್ಲ ಅದರದ್ದೇ ಅಂತ ಜನ ತೀರ್ಮಾನಿಸುತ್ತಾರೆ. ವಯಸ್ಸಾದವರಲ್ಲಿ ಒಂದೇ ಮಂಡಿ ಇದ್ದಕ್ಕಿದ್ದಂತೆ ಊದಿದರೆ ಬೇರೆ ಕಾರಣವನ್ನೂ ಹುಡುಕಬೇಕು.

ಕುತ್ತಿಗೆಯದ್ದು ಎಲ್ಲಕ್ಕಿಂತ ಗಾಬರಿ ಹುಟ್ಟಿಸುವ ವೇಷ. ತಲೆ ತಿರುಗಿಸಲು ನೆರವಾಗುವ ಕುತ್ತಿಗೆಯ ಎರಡನೇ ಮೂಳೆಗೆ ಮೇಲ್ಮುಖವಾಗಿ ಹಲ್ಲಿನಾಕಾರದ ಒಂದು ಮೊಳೆ ಇದೆ. ಅದರ ಸುತ್ತ ಹರಳು ಕಟ್ಟಿ ಕೆರಳಿದರೆ ವಿಪರೀತ ಕುತ್ತಿಗೆ ನೋವು, ತಲೆ ತಿರುಗಿಸಲಾಗದಷ್ಟು ಬಿಗಿತ, ಜ್ವರ. ನೋಡಿದವರಿಗೆ ಮೆದುಳು ಜ್ವರವೇನೋ ಅನ್ನಿಸುತ್ತದೆ. ಬೆನ್ನಿನ ನೀರು ತೆಗೆದು ನೋಡಿದರೆ ಏನೂ ಇರುವುದಿಲ್ಲ. ಕುತ್ತಿಗೆಯ ಸಿಟಿ ಸ್ಕ್ಯಾನ್ ಮಾಡಿದಾಗ ಮೊಳೆಯ ಸುತ್ತ ಕಿರೀಟದಂತೆ ಬಿಳಿ ಕಲೆ ಕಾಣುತ್ತದೆ. ಸರಿಯಾದ ಔಷಧಿ ಬಿದ್ದರೆ ಕೆಲವೇ ದಿನದಲ್ಲಿ ಗುಣ. ಮೆದುಳು ಜ್ವರವನ್ನು ಮೊದಲು ತಳ್ಳಿಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ.

ಭುಜದ ಕಥೆ ಬೇರೆ

ಭುಜದಲ್ಲಿ ಸಿಗುವ ಹರಳು ಬಹುತೇಕ ಎರಡನೇ ಬಗೆಯದು, ಮೂಳೆಯ ಖನಿಜದ ಜಾತಿಯದ್ದು. 30ರಿಂದ 60 ವರ್ಷದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಜಾಸ್ತಿ. ತೋಳನ್ನು ಮೇಲೆತ್ತುವ ಸ್ನಾಯುವಿನ ಹುರಿಯಲ್ಲಿ ಸುಣ್ಣದ ಗಟ್ಟಿ ಕೂರುತ್ತದೆ. ಮೊದಲು ಸಣ್ಣ ನೋವು, ತಲೆ ಬಾಚುವಾಗ, ಮೇಲಿನ ಅಟ್ಟದ ಡಬ್ಬಿ ತೆಗೆಯುವಾಗ ಚುಚ್ಚಿದಂತೆ. ಒಂದು ರಾತ್ರಿ ಇದ್ದಕ್ಕಿದ್ದಂತೆ ನಿದ್ದೆ ಮಾಡಲಾಗದಷ್ಟು ನೋವು.

ವಿಚಿತ್ರವೆಂದರೆ, ಆ ಅಸಾಧ್ಯ ನೋವು ಬರುವುದು ಸುಣ್ಣ ಕಟ್ಟುವಾಗಲ್ಲ, ಮೈ ಅದನ್ನು ಕರಗಿಸಲು ಹೊರಟಾಗ. ಗಟ್ಟಿಯಿದ್ದದ್ದು ಮೆತ್ತಗಾಗುತ್ತದೆ, ಸುತ್ತಲೂ ರಕ್ತ ಸಂಚಾರ ಹೆಚ್ಚುತ್ತದೆ, ಹುರಿಯೊಳಗೆ ಒತ್ತಡ ಏರುತ್ತದೆ. ಅಂದರೆ ಅತಿ ಹೆಚ್ಚು ನೋಯುವ ಹೊತ್ತು ಗುಣವಾಗಲು ಶುರುವಾದ ಹೊತ್ತೂ ಆಗಿರುತ್ತದೆ. ಇದನ್ನು ರೋಗಿಗೆ ಬಿಡಿಸಿ ಹೇಳಿದರೆ ಎಷ್ಟೋ ಭಯ ಇಳಿಯುತ್ತದೆ. ಬಹಳ ಜನರಲ್ಲಿ ಸುಣ್ಣ ತಾನಾಗಿಯೇ ಮಾಯವಾಗುತ್ತದೆ, ಅದಕ್ಕೆ ತಿಂಗಳುಗಳು ಅಥವಾ ವರ್ಷಗಳೇ ಹಿಡಿಯಬಹುದು. ಹೋಗದಿದ್ದರೆ ಅಲ್ಟ್ರಾಸೌಂಡ್ ನೋಡುತ್ತಾ ಸೂಜಿ ಹಾಕಿ ತೊಳೆದು ತೆಗೆಯುತ್ತಾರೆ. ಶಾಕ್‌ವೇವ್ ಚಿಕಿತ್ಸೆಯೂ ಇದೆ. ಆಪರೇಷನ್ ಬೇಕಾಗುವುದು ಕೆಲವರಿಗೆ ಮಾತ್ರ.

ಇದೇ ಜಾತಿಯ ಹರಳಿನ ಕೆಟ್ಟ ರೂಪವೊಂದು ವಯಸ್ಸಾದ ಹೆಂಗಸರಲ್ಲಿ ಬರುತ್ತದೆ. ಭುಜ ನೀರು ತುಂಬಿ ದೊಡ್ಡದಾಗಿ ಊದುತ್ತದೆ, ಹುರಿಗಳು ಹರಿಯುತ್ತವೆ, ಕೀಲೇ ಕುಸಿಯುತ್ತದೆ. ಫಿಲಡೆಲ್ಫಿಯಾದ ಅದೇ ಮೆಕಾರ್ಟಿ ಆಮೇಲೆ ಮಿಲ್ವಾಕೀ ನಗರಕ್ಕೆ ಹೋಗಿದ್ದರು. ಅಲ್ಲಿ 1981ರಲ್ಲಿ ಅವರ ತಂಡ ಇದನ್ನು ವಿವರಿಸಿದ್ದರಿಂದ 'ಮಿಲ್ವಾಕೀ ಭುಜ' ಎಂದೇ ಹೆಸರಾಯಿತು. ಈ ಹರಳು ಎಷ್ಟು ಸಣ್ಣದೆಂದರೆ, ಬಿಡಿ ಹರಳು ಸಾಮಾನ್ಯ ಮೈಕ್ರೋಸ್ಕೋಪಿಗೆ ಕಾಣುವುದಿಲ್ಲ. ಅಲಿಜರಿನ್ ಎಂಬ ಕೆಂಪು ಬಣ್ಣ ಹಾಕಿದಾಗ ಅವುಗಳ ಗುಂಪು ಕಾಣುತ್ತದೆ.

ಚಿಕಿತ್ಸೆ: ಹರಳು ಕರಗದು, ಉರಿ ತಣಿಸಬಹುದು

ಕ್ಯಾಲ್ಸಿಯಂ ಪೈರೊಫಾಸ್ಫೇಟ್ ಹರಳನ್ನು ಕರಗಿಸುವ ಔಷಧಿ ಇವತ್ತಿಗೂ ಇಲ್ಲ. ಹರಳು ಕರಗಿಸುತ್ತೇವೆ ಎಂದು ಯಾರಾದರೂ ಪುಡಿ, ಎಣ್ಣೆ, ಕಷಾಯ ಮಾರಿದರೆ ನಂಬಬೇಡಿ. ಈಗ ಇರುವ ಚಿಕಿತ್ಸೆಯೆಲ್ಲ ಉರಿಯೂತವನ್ನು ತಣಿಸುವುದಕ್ಕೆ.

ಒಂದೇ ಕೀಲು ಊದಿದ್ದರೆ ನೀರು ತೆಗೆದು, ಸೋಂಕಿಲ್ಲ ಎಂದು ಖಚಿತವಾದ ಮೇಲೆ, ಅದೇ ಜಾಗಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದು ಒಳ್ಳೆಯ ದಾರಿ. ಜೊತೆಗೆ ಐಸ್, ಒಂದೆರಡು ದಿನ ವಿಶ್ರಾಂತಿ. ಬಿಸಿ ಶಾಖ ಬೇಡ. ಹಲವು ಕೀಲು ಊದಿದ್ದರೆ ಮಾತ್ರೆ ಬೇಕು. ಸಾಮಾನ್ಯ ನೋವಿನ ಮಾತ್ರೆಗಳು ಕೆಲಸ ಮಾಡುತ್ತವೆ ನಿಜ. ಆದರೆ ಈ ಕಾಯಿಲೆಯ ಬಹುಪಾಲು ಜನ ವಯಸ್ಸಾದವರು. ಬಿಪಿ, ಶುಗರ್, ಸೋತ ಕಿಡ್ನಿ, ರಕ್ತ ತೆಳುವಾಗಿಸುವ ಮಾತ್ರೆ ಯಾವುದಾದರೂ ಒಂದು ಇದ್ದೇ ಇರುತ್ತದೆ. ಅಂಥವರು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಿದರೆ ಕಿಡ್ನಿ ಕೈಕೊಡಬಹುದು, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು.

ಉಳಿದದ್ದು ಕಡಿಮೆ ದಿನದ ಸ್ಟೀರಾಯ್ಡ್ ಮಾತ್ರೆ ಮತ್ತು ಕಾಲ್ಚಿಸಿನ್. ಫ್ರಾನ್ಸಿನ ಆಸ್ಪತ್ರೆಗಳಲ್ಲಿ 65 ದಾಟಿದ ನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಇವೆರಡನ್ನೂ ಹೋಲಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. 24 ಗಂಟೆಯಲ್ಲಿ ನೋವು ಇಳಿಸುವುದರಲ್ಲಿ ಎರಡೂ ಸಮ. ಕಾಲ್ಚಿಸಿನ್ ತೆಗೆದುಕೊಂಡವರಲ್ಲಿ ಭೇದಿ ಜಾಸ್ತಿ. ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಬಿಪಿ, ಶುಗರ್ ಏರುವುದು ಜಾಸ್ತಿ. ಹಾಗಾಗಿ ಯಾವುದು ಅನ್ನುವುದು ರೋಗಿಯ ಬೇರೆ ಕಾಯಿಲೆಗಳ ಮೇಲೆ ನಿಂತಿದೆ.

ಕಾಲ್ಚಿಸಿನ್ ಬಗ್ಗೆ ಒಂದು ಎಚ್ಚರಿಕೆ. ಔಷಧಿಯ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ಇಲ್ಲಿ ಅಂತರ ಕಡಿಮೆ. ಕಿಡ್ನಿ ತೊಂದರೆ ಇದ್ದರೆ ಇನ್ನೂ ಕಡಿಮೆ. ಕ್ಲಾರಿಥ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ಜೊತೆ ತೆಗೆದುಕೊಂಡರೆ ಪ್ರಾಣಾಪಾಯ. ಮಲೆನಾಡಿನ ಬೇಲಿಗಳಲ್ಲಿ ಕೆಂಪು, ಹಳದಿ ಬಣ್ಣದಲ್ಲಿ ಅರಳುವ ಅಗ್ನಿಶಿಖೆಯ ಗಡ್ಡೆಯಲ್ಲಿ ಇರುವುದೂ ಇದೇ ಕಾಲ್ಚಿಸಿನ್. ಅದರ ಗಡ್ಡೆ ತಿಂದು ಸತ್ತವರಿದ್ದಾರೆ. ಕೀಲು ನೋವಿಗೆ ಒಳ್ಳೆಯದು ಅಂತ ಯಾರಾದರೂ ಅದನ್ನು ಅರೆದು ಕುಡಿಯಲು ಹೇಳಿದರೆ ಖಂಡಿತ ಬೇಡ.

ದಾಳಿ ಮತ್ತೆ ಮತ್ತೆ ಬರುತ್ತಿದ್ದರೆ, ಬರದಂತೆ ತಡೆಯಲು ವೈದ್ಯರು ದಿನವೂ ಸಣ್ಣ ಪ್ರಮಾಣದ ಕಾಲ್ಚಿಸಿನ್ ಕೊಡುವುದುಂಟು. ಯಾವುದಕ್ಕೂ ಬಗ್ಗದಿದ್ದರೆ ಇಂಟರ್‌ಲ್ಯೂಕಿನ್-1ರ ಬಾಗಿಲನ್ನೇ ಮುಚ್ಚುವ ಅನಾಕಿನ್ರಾದಂಥ ಇಂಜೆಕ್ಷನ್ ಇದೆ. ದುಬಾರಿ, ಎಲ್ಲೆಡೆ ಸಿಗುವುದೂ ಇಲ್ಲ. 2006ರ ಆ ಸಂಶೋಧನೆಯಿಂದ ಆದ ಲಾಭ ಇದು. ಮಂಡಿ ಪೂರ್ತಿ ಸವೆದಿದ್ದರೆ ಬದಲಿ ಮಂಡಿ ಜೋಡಿಸುವ ಆಪರೇಷನ್ ಮಾಡಿಸಬಹುದು. ಹರಳು ಇರುವುದು ಅದಕ್ಕೆ ಅಡ್ಡಿಯಲ್ಲ.

ಹಾಗಾದರೆ ಏನು ತಿನ್ನಬೇಕು?

ಮೊದಲಿನ ಹಾಗೆಯೇ ತಿನ್ನಿ. ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ನಮ್ಮ ದೇಶದ ಪೌಷ್ಟಿಕಾಂಶ ಸಂಸ್ಥೆ ಹೇಳುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಧಾನ್ಯಗಳಲ್ಲಿ ಇಷ್ಟು ಕೊಡುವುದು ಬೇರೊಂದಿಲ್ಲ. 70 ದಾಟಿದವರು ಇದನ್ನು ಬಿಟ್ಟರೆ ಮೂಳೆ ತೆಳ್ಳಗಾಗುತ್ತದೆ. ಮೂಳೆ ತೆಳ್ಳಗಾದರೆ ಬಿದ್ದಾಗ ಸೊಂಟ ಮುರಿಯುತ್ತದೆ. ಸೊಂಟ ಮುರಿದು ಆಪರೇಷನ್ ಆಗುವುದು ಹರಳಿನ ದಾಳಿಗೆ ದೊಡ್ಡ ಕಾರಣಗಳಲ್ಲಿ ಒಂದು. ಹರಳಿಗೆ ಹೆದರಿ ರಾಗಿ ಬಿಡುವುದು ಹೀಗೆ ತಿರುಗುಬಾಣವಾಗುತ್ತದೆ. ಬೋರ್‌ವೆಲ್ಲಿನ ಗಡಸು ನೀರಿನಿಂದ ಕೀಲಿನಲ್ಲಿ ಸುಣ್ಣ ಕಟ್ಟುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಬೇಳೆ, ಟೊಮೆಟೊ, ಬದನೆಕಾಯಿ ಬಿಡಿ ಅನ್ನುವುದೂ ಅಷ್ಟೇ. ಗೌಟಿನ ಪಥ್ಯ ಗೌಟಿಗೆ, ಇದಕ್ಕಲ್ಲ.

ಕ್ಯಾಲ್ಸಿಯಂ ಬಗ್ಗೆ ಯೋಚಿಸಬೇಕಾದದ್ದು ರಕ್ತ ಪರೀಕ್ಷೆಯಲ್ಲಿ ಅದು ಏರಿದ್ದರೆ ಮಾತ್ರ. ಆಗ ಪ್ಯಾರಾಥೈರಾಯ್ಡ್ ಪರೀಕ್ಷೆ ಆಗಲಿ. ಮಾತ್ರೆ ನಿಲ್ಲಿಸಬೇಕೇ ಬೇಡವೇ ಎಂಬುದನ್ನು ವೈದ್ಯರೇ ಹೇಳುತ್ತಾರೆ. ದಾಳಿ ಇಲ್ಲದ ದಿನಗಳಲ್ಲಿ ನಡೆಯುವುದು, ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಒಳ್ಳೆಯದು. ಊದಿದಾಗ ಉಜ್ಜಬೇಡಿ, ತಿಕ್ಕಬೇಡಿ.

ಯಾವಾಗ ಕಾಯಬಾರದು?

ಕೀಲು ಗಂಟೆಗಳಲ್ಲಿ ಊದಿ, ಬಿಸಿಯಾಗಿ, ಕಾಲು ಊರಲಾಗದಂತಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಚಳಿ ಜ್ವರ ಇದ್ದರೆ, ಶುಗರ್ ಇದ್ದರೆ, ಬದಲಿ ಮಂಡಿ ಹಾಕಿಸಿಕೊಂಡಿದ್ದರೆ, ಇತ್ತೀಚೆಗೆ ಕೀಲಿಗೆ ಇಂಜೆಕ್ಷನ್ ಆಗಿದ್ದರೆ ಅರ್ಧ ದಿನವೂ ತಡ ಮಾಡಬೇಡಿ. ಹಿಂದೆ ಹರಳಿನ ದಾಳಿ ಆಗಿತ್ತು, ಇದೂ ಅದೇ ಇರಬೇಕು ಎಂದು ಮನೆಯಲ್ಲಿದ್ದ ಮಾತ್ರೆ ಕೊಡಬೇಡಿ, ಈ ಸಲದ್ದು ಸೋಂಕು ಆಗಿರಬಹುದು. ಮೂಳೆ ವೈದ್ಯರ ಹತ್ತಿರ ಹೋದಾಗ, ನೀರು ತೆಗೆದರೆ ಹರಳು ಮತ್ತು ಕಲ್ಚರ್ ಎರಡನ್ನೂ ನೋಡುತ್ತೀರಾ ಅಂತ ಕೇಳಿ. ಧ್ರುವೀಕೃತ ಬೆಳಕಿನ ಮೈಕ್ರೋಸ್ಕೋಪ್ ಎಲ್ಲ ಲ್ಯಾಬಿನಲ್ಲೂ ಇರುವುದಿಲ್ಲ. ಇಲ್ಲದಿದ್ದರೆ ಕಲ್ಚರ್ ಆದರೂ ಅವತ್ತೇ ಹೋಗಲಿ, ಹರಳಿನ ಪರೀಕ್ಷೆಗೆ ರುಮಟಾಲಜಿಸ್ಟ್ (ಸಂಧಿವಾತದ ತಜ್ಞ ವೈದ್ಯರು) ಇರುವ ದೊಡ್ಡ ಆಸ್ಪತ್ರೆಯಲ್ಲಿ ವಿಚಾರಿಸಿ. ತಿನ್ನುತ್ತಿರುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ, ಗ್ಯಾಸ್ಟ್ರಿಕ್ ಮಾತ್ರೆಯದ್ದೂ ಸೇರಿಸಿ.